ಏಳುವ ಮೊದಲೇ ‘ಬಂದೆ’

ನನ್ನ ಸೊಸೆಗೆ ಬಾಯಿ ಜಾಸ್ತಿ, ತಾಳ್ಮೆ ಕಮ್ಮಿ. ನಾನೂ ಹಾಗೇ, ಅದಕ್ಕೇ ನಮ್ಮಿಬ್ಬರ ಹೊಲಿಗೆ ಅಂಗಡಿ ನಡೆಯುತ್ತಿದೆ. ಮಗ ಬಸ್ಸಿನ ಡ್ಯೂಟಿಗೆ ಹೋದನೆಂದರೆ ಅವಳ ಪಾಠ ಶುರು. ಅವಳು ಗುಂಡಿ ಹಚ್ಚುತ್ತ ಕೇಳುವಳು, ನಾನು ಪ್ಯಾಂಟಿನ ಅಂಚು ಮಡಿಸುತ್ತ ಒಪ್ಪಿಸಬೇಕು. ಪೌರತ್ವದ ಪರೀಕ್ಷೆಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದೆ. ಈ ಸಲವೂ ಹಾಗಾದರೆ ಈ ದೇಶ ನನ್ನನ್ನು ವಾಪಸ್ ಕಳಿಸುತ್ತದೆ. ಅವಳಿಗೋ ಏಳು ತಿಂಗಳು. ಮೊಮ್ಮಗುವನ್ನು ಎತ್ತಿಕೊಳ್ಳದೆ ನಾನು ಹೊರಡುವವಳಲ್ಲ.

“ಭೂತಕಾಲ ಹೇಳಿ. ಈಟ್?”

“ಈಟೆಡ್.”

“ಏಟ್, ಅತ್ತೆ, ಏಟ್!”

“ಏಟು ಬೇಕಾ? ಕೊಡ್ತೀನಿ ಬಾ.”

“ಸಾಕು ತಮಾಷೆ. ಕಟ್?”

“ಕಟ್. ಅದು ಯಾವತ್ತಿದ್ರೂ ಕಟ್ಟೇ. ಕತ್ತರಿ ಹಾಕಿದ್ಮೇಲೆ ಇನ್ನೇನು ಬದಲಾಗತ್ತೆ?”

ನಗು ತಡೆದುಕೊಂಡು ಪುಸ್ತಕ ತಿರುವಿದಳು. ರಾಜಧಾನಿಯನ್ನು, ಅದರ ನದಿಯನ್ನು ನೀರು ಕುಡಿದಂತೆ ಹೇಳಿದೆ.

“ಕಾನೂನು ಮಾಡೋರು?”

“ಸಂಸತ್ತು.”

“ಜಾರಿಗೆ ತರೋರು?”

“ಸರ್ಕಾರ. ನಮ್ಮನೇಲಿ ಎರಡೂ ನೀನೇ.”

ಸಂದರ್ಶನದ ದಿನ ಬೆಂಚಿನ ಮೇಲೆ ಕೂತೂ ಕೂತೂ ಮಂಡಿ ಹಿಡಿದುಹೋಗಿತ್ತು. ಅಧಿಕಾರಿಣಿ ಬಾಗಿಲು ತೆರೆದು ನನ್ನ ಹೆಸರು ಕರೆದಳು.

“ಐ ಕೇಮ್! ಐ ಕೇಮ್!” ಎಂದೆ, ಕೂತಲ್ಲಿಂದಲೇ.

ಪಕ್ಕದಲ್ಲಿದ್ದ ಸೊಸೆ ಹಣೆ ಚಚ್ಚಿಕೊಂಡಳು. ಯಾರಾದರೂ ಕೂಗಿದರೆ ನಾವು ಏಳುವ ಮೊದಲೇ ‘ಬಂದೆ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಬರದೆ ಹಾಗನ್ನುವಂತಿಲ್ಲವಂತೆ.

ನಾನು ಒಳಗೆ ಹೋಗಿ ಕೂರುವವರೆಗೆ ಅಧಿಕಾರಿಣಿ ಕಾದಳು. “ಆಗಲೇ ಬಂದೆ ಅಂದ್ರಿ, ಆದರೆ ಕೂತೇ ಇದ್ರಲ್ಲ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಬಂದಷ್ಟು ಇಂಗ್ಲಿಷಿನಲ್ಲಿ ನಾನೂ ಹೇಳಿದೆ: “ನಮ್ಮ ಭಾಷೇಲಿ ಮೊದಲು ಮನಸ್ಸು ಬರತ್ತೆ, ಆಮೇಲೆ ಕಾಲು.”

ಆಕೆ ನಗಲಿಲ್ಲ. ಕೆಟ್ಟೆನಲ್ಲಪ್ಪಾ ಅನ್ನಿಸಿತು. ರಾಜಧಾನಿ ಕೇಳಿದಳು, ಹೇಳಿದೆ. ಸರ್ಕಾರ, ಸಂಸತ್ತು ಕೇಳಿದಳು, ಹೇಳಿದೆ.

“ಕೊನೇ ಪ್ರಶ್ನೆ. ಈ ದೇಶಕ್ಕೆ ಯಾವಾಗ ಬಂದ್ರಿ?”

ಇಸವಿ ಬಾಯಿಪಾಠವಾಗಿತ್ತು. ಆದರೆ ನಾಲಿಗೆಗೆ ಬೇರೆಯೇ ಬಂತು. “ಕಾಲು ಬಂದು ಆರು ವರ್ಷ. ಮನಸ್ಸು ಬಂದಿದ್ದು ಈ ವರ್ಷ.” ಆಮೇಲೆ ಬಾಗಿಲ ಕಡೆ ಕೈ ತೋರಿಸಿ, “ಬೇಬಿ ಈಸ್ ಕಮಿಂಗ್,” ಎಂದೆ.

ತೆರೆದ ಬಾಗಿಲಾಚೆ ಕೂತಿದ್ದ ಸೊಸೆಯ ಹೊಟ್ಟೆಯನ್ನೇ ಆಕೆ ನೋಡಿದಳು.

“‘ಈಸ್ ಕಮಿಂಗ್’! ಈ ಸಲ ಕಾಲ ಸರಿಯಾಗಿದೆ,” ಎಂದು ನಕ್ಕು, ಪಾಸಿನ ಮುದ್ರೆ ಒತ್ತಿದಳು.