ಹದಿನೈದು ನಿಮಿಷದ ಹೇಳಿಕೆ

ದಿಲ್ಲಿಯ ಸಮಿತಿಯಲ್ಲಿ ಏಳು ಜನ. ಅವರಲ್ಲಿ ಉತ್ತರ ಧ್ರುವದ ಸಮುದ್ರವನ್ನು ಕಣ್ಣಾರೆ ಕಂಡವನು ಶಿಕಾರಿಪುರದ ಈಶ್ವರ್ ಒಬ್ಬನೇ. ಹಿಮ ಕರಗಿ ಅಲ್ಲಿ ಹಡಗಿನ ದಾರಿ ತೆರೆಯುತ್ತಿದೆ, ನಮ್ಮ ದೇಶ ಹಿಂದೆ ಬೀಳಬಾರದು ಎಂದು ಸರ್ಕಾರ ಯೋಜನೆ ಬರೆಸುತ್ತಿತ್ತು. ಉಳಿದ ಆರು ಮಂದಿ ಹಿಮ ಕಂಡದ್ದು ಶರಬತ್ತಿನ ಲೋಟದಲ್ಲಿ. ಆದರೂ ನಕ್ಷೆಯ ಮೇಲೆ ಗೆರೆ ಎಳೆಯಲು ಅವರು ಹಿಂದುಮುಂದು ನೋಡಿದವರಲ್ಲ.

ಕರಡಿನ ಕೊನೆಯಲ್ಲಿ ಒಂದು ಸಾಲಿತ್ತು: ‘ಹಡಗಿನಿಂದ ಬಿದ್ದವರು ಹದಿನೈದು ನಿಮಿಷಕ್ಕಿಂತ ಹೆಚ್ಚು ಬದುಕುವುದಿಲ್ಲವಾದ್ದರಿಂದ ಜೊತೆಗೊಂದು ರಕ್ಷಣಾ ಹಡಗು ಅನಗತ್ಯ.’ ಆಧಾರ, ಈಶ್ವರನ ಹೇಳಿಕೆ.

ಆ ಹೇಳಿಕೆ ಸುಳ್ಳು. ಆರು ವರ್ಷದ ಹಿಂದೆ ಅವನು ಕೆಲಸಕ್ಕಿದ್ದ ಹಡಗಿನಿಂದ ಜಾರಿಬಿದ್ದ ಮಲ್ಲಿಕಾರ್ಜುನ್ ಅವನದೇ ಊರಿನವನು. ಹಿಮದ ಹಾಸಿನ ಮೇಲೆ ಹತ್ತಿ ಕೂತು ನಲವತ್ತು ನಿಮಿಷ ವಾಕಿಟಾಕಿಯಲ್ಲಿ ಈಶ್ವರನ ಜೊತೆ ಮಾತಾಡಿದ್ದ. ಮಂಜು ಕವಿದಿದೆ ಎಂದು ಕ್ಯಾಪ್ಟನ್ ಬೋಟು ಇಳಿಸಲಿಲ್ಲ. ಈಶ್ವರ್ ಊರಿಗೆ ಬಂದಾಗ ಮಲ್ಲಿಕಾರ್ಜುನನ ತಾಯಿ ವೀರಮ್ಮ, "ಬಾಳ ಒದ್ದಾಡಿದನೇನಪ್ಪಾ?" ಎಂದು ಕೇಳಿದಳು. ಹದಿನೈದು ನಿಮಿಷ, ಅಷ್ಟೇ ಎಂದ. ಆಮೇಲೆ ವಿಚಾರಣೆಯಲ್ಲೂ ಅದನ್ನೇ ಅಂದ.

ಅಂದಿನಿಂದ ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, "ಈಶ್ವರಣ್ಣ, ಹೊರಟ್ರಾ?" ಎಂಬ ಮಲ್ಲಿಕಾರ್ಜುನನ ದನಿ ಕಿವಿಯಲ್ಲೇ ಕೇಳುತ್ತಿತ್ತು. ಒಮ್ಮೆ ಸಭೆಯ ನಡುವೆಯೇ ಎದ್ದು ನಿಂತುಬಿಟ್ಟಿದ್ದ. ಚಹಾಕ್ಕೆ ಎದ್ದನೆಂದುಕೊಂಡು ಅಧ್ಯಕ್ಷರು ತಮಗೂ ಒಂದು ತರಿಸಿಕೊಂಡರು.

ಸುಳ್ಳನ್ನು ತಿದ್ದಿದರೆ ಪತ್ರಿಕೆಯಲ್ಲಿ ಬರುತ್ತದೆ, ವೀರಮ್ಮನ ಕಿವಿಗೂ ಬೀಳುತ್ತದೆ. ತಿದ್ದದಿದ್ದರೆ ಮುಂದಿನ ಹಡಗುಗಳಲ್ಲಿ ಹೋಗುವ ಹುಡುಗರ ಗತಿಯೂ ಅದೇ. ಹಾಗಾಗಿ ಮೊದಲು ವೀರಮ್ಮನಿಗೇ ಹೇಳಬೇಕೆಂದು ಊರಿಗೆ ಬಂದ.

ಸೊರಬ ರಸ್ತೆಯಲ್ಲಿ ವೀರಮ್ಮನ ಹಿಟ್ಟಿನ ಗಿರಣಿ. ಮಗನ ಹೆಣ ಸಿಗಲಿಲ್ಲ; ಹಡಗು ಹತ್ತುವಾಗ ಅವನು ಮನೆಯಲ್ಲೇ ಬಿಟ್ಟುಹೋದ ಇಷ್ಟಲಿಂಗವನ್ನಷ್ಟೇ ಮಣ್ಣು ಮಾಡಲು ಅವಳಿಗೆ ಮನಸ್ಸೊಪ್ಪಿರಲಿಲ್ಲ. ದಿನಾ ತನ್ನ ಲಿಂಗದ ಜೊತೆ ಅದಕ್ಕೂ ಪೂಜೆ. ‘ಬೇಗ ಹೋದ, ಪುಣ್ಯವಂತ’ ಎಂದು ಬಂದವರಿಗೆಲ್ಲ ಹೇಳಿಕೊಂಡು ಹೇಗೋ ಗಟ್ಟಿಯಾಗಿದ್ದಳು. ಆ ಒಂದು ಮಾತನ್ನೂ ಕಿತ್ತುಕೊಳ್ಳಲು ಈಗ ಈಶ್ವರ್ ಬಂದಿದ್ದ.

ಹದಿನೈದು ನಿಮಿಷ ಎಂದದ್ದು ಸುಳ್ಳು, ಅವನು ಹಿಮದ ಮೇಲೆ ಕೂತು ಮಾತಾಡುತ್ತಲೇ ಇದ್ದ ಎಂದು ಗಿರಣಿಯ ಸದ್ದಿನಲ್ಲಿ ಕೂಗಿಯೇ ಹೇಳಿದ. ವೀರಮ್ಮ ಸ್ವಿಚ್ಚು ಆರಿಸಿದಳು.

"ಮಾತಾಡಿದ್ನಾ? ಏನಂದ?"

"ಬೋಟ್ ಹೊರಟ್ತಾ ಅಂತಿದ್ದ. ಹೊರಟೈತಿ ಅಂತಿದ್ದೆ."

"ಹೊರಟಿತ್ತಾ?"

"ಇಳಿಸ್ಲೇ ಇಲ್ಲಮ್ಮ."

ಹಿಟ್ಟು ಮೆತ್ತಿದ ರೆಪ್ಪೆ ಮಿಟುಕಿಸದೆ ಅವಳು ನೋಡಿದಳು. "ಅವಂಗೂ ಸುಳ್ಳು ಹೇಳ್ದಿ, ನಂಗೂ ಹೇಳ್ದಿ. ದಿಲ್ಲಿಯೋರಿಗಾದ್ರೂ ಖರೇ ಹೇಳು. ಇಲ್ಲೇ ಹೇಳು, ನಾ ಕೇಳ್ಬೇಕು."

ಸರತಿಯಲ್ಲಿದ್ದವರು ಚೀಲ ಹಿಡಿದುಕೊಂಡೇ ಹತ್ತಿರ ಬಂದರು. ಈಶ್ವರ್ ಅಧ್ಯಕ್ಷರಿಗೆ ಫೋನು ಹಚ್ಚಿ, ಹದಿನೈದಲ್ಲ ನಲವತ್ತು, ರಕ್ಷಣಾ ಹಡಗು ಬೇಕೇ ಬೇಕು, ಸುಳ್ಳು ಹೇಳಿದವನು ನಾನೇ ಎಂದ. ಅಲ್ಲಿಯವರೆಗೂ ವೀರಮ್ಮ ಕಂಬದಂತೆ ನಿಂತೇ ಇದ್ದಳು. ಆಮೇಲೆ, "ನಲವತ್ತು ನಿಮಿಷ," ಎಂದು ತನಗೆ ತಾನೇ ಅಂದುಕೊಂಡು, ನೆಲದ ಹಿಟ್ಟಿನಲ್ಲೇ ಕುಸಿದು ಕೂತಳು.