ಸೋತವರ ಹೆಗಲು

ಶವಪೆಟ್ಟಿಗೆಯ ಮೇಲಿದ್ದ ಕತ್ತಿಯನ್ನು ವಿನಿಫ್ರೆಡ್ ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಛತ್ರಿಗಳಿಡುವ ಮೂಲೆಯಲ್ಲಿ ನಿಲ್ಲಿಸಿದಳು. ತಿರುಗಿ ಬರುವಷ್ಟರಲ್ಲಿ ಅದೇ ಜಾಗದಲ್ಲಿ ದಪ್ಪನೆಯ ಕಾನೂನು ಪುಸ್ತಕವೊಂದು ಬಂದು ಕೂತಿತ್ತು. ಅದನ್ನೂ ತೆಗೆದಳು. ಅದರ ಪಕ್ಕದಲ್ಲೊಂದು ಕೆಂಪು ಹಸಿರು ರೇಷ್ಮೆಯ ಪಟ್ಟಿ.

"ಅದೊಂದು ಇರ್ಲಿ ಬಿಡಿ ಅತ್ತಿಗೆ, ಬಣ್ಣ ಚೆನ್ನಾಗಿದೆ" ಎಂದಳು ನಾದಿನಿ ಹನೋರಾ, ಹಂದಿಮಾಂಸ ಕತ್ತರಿಸುತ್ತಿದ್ದ ಚಾಕು ಹಿಡಿದುಕೊಂಡೇ ಅಡಿಗೆಮನೆಯಿಂದ ಇಣುಕಿ.

"ನಿಮ್ಮಣ್ಣ ಸಂತೇಲಿ ಅಂಗಡಿ ಇಟ್ಟಿಲ್ಲ ಹನೋರಾ. ಮಲಗಿದಾರೆ."

ಮಲಗಿದ್ದವನು ವಿನಿಫ್ರೆಡ್‌ಳ ಗಂಡ ಮಲಾಕಿ ಟಿಯರ್ನಿ. ಮೀಸೆ ಚಿಗುರುವ ವಯಸ್ಸಿನಲ್ಲಿ ಐರ್ಲೆಂಡಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಬಂದವನು. ಉತ್ತರದವರೂ ದಕ್ಷಿಣದವರೂ ಕಾದಾಡಿದ ಯುದ್ಧದಲ್ಲಿ ಉತ್ತರದ ಸಿಪಾಯಿಯಾದ, ಆಮೇಲೆ ಮಿಸಿಸಿಪ್ಪಿ ದಡದ ಈ ಊರಿನಲ್ಲಿ ವಕೀಲನಾದ, ತಲೆ ನರೆತ ಮೇಲೆ ದಕ್ಷಿಣ ಅಮೆರಿಕದ ಒಂದು ಪುಟ್ಟ ಬಂದರಿನಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಕೂತು ಬಂದ. ಹೀಗಾಗಿ ಸತ್ತ ಮೇಲೆ ಅವನ ಮೇಲೆ ಹಕ್ಕು ಸಾಧಿಸುವವರು ಮೂರು ದಿಕ್ಕಿನಿಂದ ಬಂದಿದ್ದರು. ಕತ್ತಿ ತಂದವನು ಕರ್ನಲ್ ಪ್ರೆಂಟಿಸ್. ಪುಸ್ತಕ ತಂದವರು ನಿವೃತ್ತ ನ್ಯಾಯಾಧೀಶ ವಾಡಮ್. ರೇಷ್ಮೆಯ ಪಟ್ಟಿ ಆ ಪರದೇಶದವರು ಮಲಾಕಿಗೆ ಕೊಟ್ಟ ಗೌರವ. ಅದನ್ನು ಪೆಟ್ಟಿಗೆಯ ಮೇಲಿಟ್ಟವನು ವಾಷಿಂಗ್ಟನ್ನಿನಿಂದ ರೈಲಿನಲ್ಲಿ ಬಂದಿದ್ದ ತೆಳ್ಳನೆಯ ಅಧಿಕಾರಿ. ಪೆಟ್ಟಿಗೆಗೆ ಮುಂದಿನ ಬಲಮೂಲೆಯಲ್ಲಿ ಯಾರು ಹೆಗಲು ಕೊಡಬೇಕೆಂದು ಬೆಳಗಿನಿಂದ ಈ ಮೂವರಲ್ಲಿ ಬಹಳ ಸಭ್ಯವಾದ ಜಗಳ ನಡೆದಿತ್ತು.

"ನೀವ್ಯಾರೂ ಹೊರೋದು ಬೇಡ" ಎಂದಳು ವಿನಿಫ್ರೆಡ್.

"ಮತ್ಯಾರು ಹೊರ್ತಾರೆ, ಮಿಸೆಸ್ ಟಿಯರ್ನಿ?" ಎಂದರು ನ್ಯಾಯಾಧೀಶರು.

"ಯಾರ ಯಾರ ಕೇಸಲ್ಲಿ ನಮ್ಮ ಯಜಮಾನ್ರು ಸೋತ್ರೋ, ಅವರು."

"ಅವರೆಲ್ಲ ಜೈಲಿಗೆ ಹೋದವರಲ್ಲವೇ?"

"ಹೌದು. ನೀವೇ ಕಳಿಸಿದ್ದು."

ಹನೋರಾ ಚಾಕುವಿನ ಸಮೇತ ಅಡಿಗೆಮನೆಗೆ ಓಡಿಹೋಗಿ ಬಾಗಿಲು ಹಾಕಿಕೊಂಡು ನಕ್ಕಳು.

ಇದು ವಿನಿಫ್ರೆಡ್ ಹೂಡಿದ ಆಟವಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಮಲಾಕಿಯೇ ಹೇಳಿದ್ದ. ತಾನು ಗೆಲ್ಲಿಸಿದವರು ಮಾರನೆಯ ದಿನವೇ ತನ್ನನ್ನು ಮರೆತರು, ಮರೆಯಬೇಕಾದದ್ದೇ. ತನ್ನನ್ನು ನಂಬಿ ಕೇಸು ಸೋತವರು ಮಾತ್ರ ಮರೆತಿರಲಾರರು, ಅವರ ಹೆಗಲ ಮೇಲೆ ಹೋಗಬೇಕೆಂದು ಆಸೆ, ಅವರು ಬರಲಿಲ್ಲವೆಂದರೆ ಅದೂ ನ್ಯಾಯವೇ, ಆಗ ಕರ್ನಲ್‌ನನ್ನು ಕರಿ ಎಂದಿದ್ದ. ಸತ್ತ ದಿನವೇ ಹನೋರಾ ಊರಿನ ಹೆಂಡದಂಗಡಿಗಳನ್ನೆಲ್ಲ ಸುತ್ತಿ ಸುದ್ದಿ ಮುಟ್ಟಿಸಿ ಬಂದಿದ್ದಳು. ಅವರು ಬರುತ್ತಾರೆಂಬ ಗ್ಯಾರಂಟಿ ಯಾರಿಗೂ ಇರಲಿಲ್ಲ. ಹೊರಗೆ ಮಾತು ಎಷ್ಟು ಗಟ್ಟಿಯಾಗಿ ಆಡಿದರೂ ವಿನಿಫ್ರೆಡ್‌ಳ ಕಣ್ಣು ಕಿಟಕಿಯಲ್ಲೇ ಇತ್ತು.

*

ಮಲಾಕಿಯನ್ನು ಅವಳು ಮೊದಲು ಕಂಡದ್ದು ಆ ಯುದ್ಧದ ಕಾಲದಲ್ಲಿ, ಸೇನೆಯ ಆಸ್ಪತ್ರೆಯಲ್ಲಿ. ಅವಳು ಅಲ್ಲಿ ಬಟ್ಟೆ ಒಗೆಯುತ್ತಿದ್ದಳು. ತೊಡೆಗೆ ಗುಂಡು ಹೊಡೆಸಿಕೊಂಡು ಬಂದಿದ್ದ ಹುಡುಗ, ಅದು ತಗುಲಿದ ಕತೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಪೀಚ್ ಹಣ್ಣಿನ ತೋಟವೊಂದರಲ್ಲಿ ಅವನಿಗೂ ದಕ್ಷಿಣದ ಕಡೆಯ ಒಬ್ಬ ಸಿಪಾಯಿಗೂ ಮುಖಾಮುಖಿಯಾಯಿತಂತೆ. ಇಬ್ಬರೂ ಬಂದೂಕು ಎತ್ತಿದರು, ಇಬ್ಬರೂ ಹೆದರಿ ಬೈದುಕೊಂಡರು. ಬೈಗುಳ ಎರಡೂ ಐರಿಷ್ ಭಾಷೆಯದು. ನೋಡಿದರೆ ಇಬ್ಬರ ಊರುಗಳ ನಡುವೆ ಒಂದೇ ಗುಡ್ಡ. ಮರದ ಕೆಳಗೆ ಕೂತು ಕಾಯಿ ಹಣ್ಣೆನ್ನದೆ ತಿನ್ನುತ್ತ, ಯಾರು ಯಾರನ್ನು ಮದುವೆಯಾದರು, ಯಾರ ಹಸು ಬಾವಿಗೆ ಬಿತ್ತು ಎಂದೆಲ್ಲ ವಿಚಾರಿಸಿಕೊಳ್ಳುವಷ್ಟರಲ್ಲಿ ಅತ್ತ ಅಂದಿನ ಕಾಳಗ ಮುಗಿದೇ ಹೋಯಿತು. ಈಗ ಯಾರು ಯಾರನ್ನು ಸೆರೆ ಹಿಡಿಯಬೇಕೆಂಬ ಪ್ರಶ್ನೆ ಬಂತು. ಮಲಾಕಿ ವಾದಿಸಿ ವಾದಿಸಿ ಅವನನ್ನು ಸೆರೆಯಾಗಲು ಒಪ್ಪಿಸಿದ. ಸೆರೆಯಾಳನ್ನು ಕರೆದುಕೊಂಡು ಹೊರಟರೆ, ಇವನ ಕಡೆಯ ಪಹರೆಯವನೇ ಶತ್ರುವೆಂದು ತಿಳಿದು ಗುಂಡು ಹಾರಿಸಿದ.

"ಬಂದೂಕು ಹಿಡಿದವನನ್ನ ಬರೀ ಬಾಯಲ್ಲಿ ಸೋಲಿಸಿದ್ದು ನಿಜವಾದ್ರೆ ನೀನು ವಕೀಲನಾಗು" ಎಂದಿದ್ದಳು ವಿನಿಫ್ರೆಡ್, ಅವನ ರಕ್ತ ಹತ್ತಿದ ಪೈಜಾಮ ಹಿಂಡುತ್ತ.

"ಆಗ್ತೀನಿ. ನೀನು ಮದುವೆ ಆಗ್ತೀಯಾ?"

ಕತೆಯನ್ನು ಅವಳು ನಂಬಿರಲಿಲ್ಲ. ಮದುವೆಯ ದಿನ ಆ ದಕ್ಷಿಣದ ಸಿಪಾಯಿಯೇ ಪಿಟೀಲು ಹಿಡಿದುಕೊಂಡು ನುಡಿಸಲು ಬಂದಾಗ ನಂಬಬೇಕಾಯಿತು.

*

ಮೊದಲು ಬಂದವನು ಖೋಟಾ ಸಹಿ ಹಾಕಿ ಜೈಲಿಗೆ ಹೋಗಿ ಬಂದು, ಈಗ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಮುದುಕ. ಅವನ ಹಿಂದೆ ಕಳ್ಳಭಟ್ಟಿ ಇಳಿಸುತ್ತಿದ್ದ ಅಣ್ಣತಮ್ಮಂದಿರಿಬ್ಬರು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು. ಆಮೇಲೆ ಇನ್ನಿಬ್ಬರು. ಐದು ಜನವೂ ಮೊಣಕಾಲೂರಿ ಪ್ರಾರ್ಥಿಸಿ, ಹನೋರಾ ಕೊಟ್ಟ ವಿಸ್ಕಿ ಕುಡಿದು, ನ್ಯಾಯಾಧೀಶರ ಎದುರಿಗೇ ಸಾಲಾಗಿ ಕೂತರು. ಕಟಕಟೆ ಒಂದು ಇರಲಿಲ್ಲ, ಅಷ್ಟೇ.

ವಾಷಿಂಗ್ಟನ್ನಿನ ಅಧಿಕಾರಿ ಬಂದರಿನ ಕತೆ ತೆಗೆದ. ಅಲ್ಲಿ ದಂಗೆಯಾದಾಗ ಓಡಿಬಂದ ಮಂತ್ರಿಗಳನ್ನು ಟಿಯರ್ನಿ ದಂಪತಿ ಮನೆಯಲ್ಲಿ ಬಚ್ಚಿಟ್ಟರು. ಅವರಿನ್ನೂ ಇರುವಾಗಲೇ ಇನ್ನೊಂದು ದಂಗೆಯೆದ್ದು, ಅವರನ್ನು ಓಡಿಸಿದವರೂ ಓಡಿಬಂದು ಅದೇ ಬಾಗಿಲು ತಟ್ಟಿದರು. ಎರಡು ಪಂಗಡ, ಒಂದೇ ಅಡಿಗೆಮನೆ. ಆಲೂಗಡ್ಡೆ ಸುಲಿದವರಿಗೆ ಮಾತ್ರ ಊಟ ಎಂದು ಟಿಯರ್ನಿಯವರು ಅಪ್ಪಣೆ ಮಾಡಿದರು. ಒಂದೇ ಬುಟ್ಟಿಯ ಸುತ್ತ ಕೂತು ಸುಲಿದವರು ಕೊನೆಗೆ ರಾಜಿಯಾಗಿ ಎದ್ದರು ಎಂದು ಅಧಿಕಾರಿ ಹೇಳಿದ.

"ಅಪ್ಪಣೆ ಮಾಡಿದ್ದು ನಾನು" ಎಂದಳು ವಿನಿಫ್ರೆಡ್. "ನಮ್ಮ ಯಜಮಾನ್ರು ಸುಲೀತಾ ಇದ್ರು."

ಎಲ್ಲರೂ ನಕ್ಕರು. ಪಾದ್ರಿಗಳು ಮಾತ್ರ ಬಾಗಿಲಲ್ಲಿ ನಿಂತು, ಹೊರಡುವ ಹೊತ್ತಾಯಿತೆಂದು ಸೂಚಿಸಿದರು. ಪೆಟ್ಟಿಗೆಗೆ ಆರು ಹೆಗಲು ಬೇಕಿತ್ತು, ಐದೇ ಇದ್ದವು. ಕರ್ನಲ್ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ. ಆಗ ಹನೋರಾ ಅತ್ತಿಗೆಯ ತೋಳು ಹಿಡಿದು ಕಿಟಕಿಯತ್ತ ತೋರಿಸಿದಳು. ಬೀದಿಯಲ್ಲಿ ಕಲ್ಲಿದ್ದಲಿನ ಗಾಡಿಯೊಂದು ನಿಂತಿತ್ತು. ಗಾಡಿಯ ಮೇಲೆ ಹೆಂಡತಿಯನ್ನು ಕೂರಿಸಿ, ದೊಡ್ಡ ಮೈಯ ಬಾರ್ಟ್ಲಿ ಕಲ್ಹೇನ್ ಗೇಟಿನಾಚೆ ಟೋಪಿ ತಿರುಗಿಸುತ್ತ ನಿಂತಿದ್ದ.

*

ಬಾರ್ಟ್ಲಿ ಹರೆಯದಲ್ಲಿ ಯಾರದೋ ಕುದುರೆ ಬಿಚ್ಚಿಕೊಂಡು ತಂಗಿಯ ಮದುವೆಗೆ ಹೋಗಿ, ಬೆಳಗಾಗುವಷ್ಟರಲ್ಲಿ ತಂದು ಕಟ್ಟಿದ್ದ. ಹಿಂದಿರುಗಿಸಿದ್ದಕ್ಕೆ ಸಾಕ್ಷಿಗಳಿದ್ದರು. ವಾದ ಕೇಳುತ್ತ ನ್ಯಾಯಾಧೀಶ ವಾಡಮ್ ತೂಕಡಿಸಿದರು, ಗೊರಕೆಯನ್ನೂ ಹೊಡೆದರು. ಸಾಕ್ಷಿಗಳೆಲ್ಲ ಮುಗಿದ ಮೇಲೆ ಥಟ್ಟನೆ ಎದ್ದು, "ಎಲ್ಲಿಗೆ ಬಂತು ಕೇಸು?" ಎಂದು ಕೇಳಿದರು.

"ತಾವು ಮಲಗಿದ್ದಾಗ ನಾವು ಗೆಲ್ತಾ ಇದ್ವಿ ಸ್ವಾಮಿ" ಎಂದ ಮಲಾಕಿ. "ಈಗ ಎದ್ದುಬಿಟ್ರಿ."

ಕೋರ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಲಿನ ಗ್ಯಾಲರಿಯಲ್ಲಿ ಕೂತಿದ್ದ ವಿನಿಫ್ರೆಡ್ ಕೂಡ ನಕ್ಕಳು. ನ್ಯಾಯಾಧೀಶರು ನಗಲಿಲ್ಲ. ಬಾರ್ಟ್ಲಿಗೆ ಆರು ವರ್ಷ ಜೈಲಾಯಿತು.

*

ವಿನಿಫ್ರೆಡ್ ಗೇಟಿನ ತನಕ ನಡೆದುಬಂದಳು.

"ಯಾಕಪ್ಪ ಹೊರಗೇ ನಿಂತೆ?"

"ಒಳಗೆ ಬರ್ಬೇಕೋ ಬೇಡ್ವೋ ಇನ್ನೂ ಗೊತ್ತಾಗಿಲ್ಲ ಅಮ್ಮ. ಆ ಒಂದು ಮಾತಿಗೆ ಆರು ವರ್ಷ ಕಲ್ಲು ಒಡೆದಿದೀನಿ."

"ಗೊತ್ತು. ಅವರಿಗೂ ಗೊತ್ತಿತ್ತು."

ಅವನು ಟೋಪಿಯನ್ನು ಇನ್ನೊಂದು ಸುತ್ತು ತಿರುಗಿಸಿದ. "ಪ್ರತಿ ಕ್ರಿಸ್‌ಮಸ್ಸಿಗೂ ಜೈಲಿಗೆ ಬರೋರು. ತಂಬಾಕು ಕೊಡೋರು. ಎದುರಿಗೆ ಕೂತು ಆ ಮಾತನ್ನೇ ಮತ್ತೆ ಹೇಳೋರು. 'ನಗು ಬಂತಾ ಬಾರ್ಟ್ಲಿ?' ಅನ್ನೋರು. ನಾನು ಇಲ್ಲ ಅನ್ನೋದು. 'ಹಾಗಾದ್ರೆ ಆಡಬಾರದಿತ್ತು ನಾನು' ಅಂತ ತಲೆ ತಗ್ಗಿಸ್ಕೊಂಡು ಹೋಗೋರು. ಮುಂದಿನ ವರ್ಷ ಮತ್ತೆ ಅದೇ."

"ಆಮೇಲೆ?"

"ಕೊನೇ ವರ್ಷ ತಡ್ಕೊಳ್ಳೋಕಾಗ್ಲಿಲ್ಲ, ನಕ್ಕುಬಿಟ್ಟೆ. ಅವರು ಅತ್ತುಬಿಟ್ರು."

ವಿನಿಫ್ರೆಡ್ ಗೇಟಿನ ಸರಳು ಹಿಡಿದುಕೊಂಡಳು. ಎಲ್ಲ ಕತೆಯನ್ನೂ ಊರಿಗೆಲ್ಲ ಸಾರುತ್ತಿದ್ದ ಗಂಡ ಇದೊಂದನ್ನು ಅವಳಿಗೆ ಹೇಳಿರಲಿಲ್ಲ. ಬೆಳಗಿನಿಂದ ಒಣಗಿದ್ದ ಕಣ್ಣು ತುಂಬಿಬಂದಿತು, ಅದರ ಜೊತೆಗೇ ಎಲ್ಲಿಂದಲೋ ನಗುವೂ ಬಂದಿತು. ಎರಡನ್ನೂ ಸೆರಗಿಲ್ಲದ ಉಡುಪಿನ ತೋಳಿನಲ್ಲಿ ಒರೆಸಿಕೊಂಡಳು.

ಬಾರ್ಟ್ಲಿ ಅಂಗೈಗಳನ್ನು ಷರಾಯಿಗೆ ತಿಕ್ಕಿ, "ಯಾವ ಮೂಲೆ ಖಾಲಿ ಇದೆ?" ಎಂದ.

"ಮುಂದಿನ ಬಲಗಡೆ."

ಅವನು ಒಳಗೆ ಕಾಲಿಟ್ಟದ್ದೇ ನ್ಯಾಯಾಧೀಶ ವಾಡಮ್ ಊರುಗೋಲು ಊರಿ ಎದ್ದು ನಿಂತರು. "ಕಲ್ಹೇನ್, ಆ ಕುದುರೆಗೆ ಒಂದು ವರ್ಷ ಸಾಕಾಗಿತ್ತು. ಮಿಕ್ಕಿದ್ದೆಲ್ಲ ನನ್ನ ಸಿಟ್ಟು."

"ಲೆಕ್ಕ ನಂಗೂ ಗೊತ್ತಿತ್ತು ಸ್ವಾಮಿ" ಎಂದ ಬಾರ್ಟ್ಲಿ. ಅವನು ಬಗ್ಗಿ ಪೆಟ್ಟಿಗೆಯ ಮೂಲೆಗೆ ಕೈ ಹಾಕಿದ. "ನನ್ನ ಹಿಂದೆನೇ ಬನ್ನಿ. ಪಾದ್ರಿಗಳ ಉಪದೇಶ ಉದ್ದ ಇರುತ್ತೆ. ನಿದ್ದೆ ಬಂದ್ರೆ ನನ್ನ ಭುಜಕ್ಕೆ ಒರಗಿಕೊಳ್ಳಿ."

ನ್ಯಾಯಾಧೀಶರ ಮುಖ ಒಂದು ಗಳಿಗೆ ಬಿಗಿಯಾಯಿತು. ಆಮೇಲೆ ಊರುಗೋಲು ಅಲುಗತೊಡಗಿತು, ಹೊಟ್ಟೆ ಅಲುಗತೊಡಗಿತು. ಅಂದು ಕೋರ್ಟಿನಲ್ಲಿ ನುಂಗಿಕೊಂಡಿದ್ದ ನಗು ಅಷ್ಟೂ ವರ್ಷಗಳ ಬಡ್ಡಿ ಸಮೇತ ಹೊರಬಂತು. ಪೆಟ್ಟಿಗೆ ಎತ್ತಿದ ಆರು ಜನವೂ ನಗುತ್ತಿದ್ದುದರಿಂದ ಹೊಸ್ತಿಲು ದಾಟುವಾಗ ಮಲಾಕಿ ಕೊಂಚ ವಾಲಿದ.

ಇಗರ್ಜಿಯಲ್ಲಿ ಬಾರ್ಟ್ಲಿಯ ಪಕ್ಕದಲ್ಲೇ ಕೂತ ನ್ಯಾಯಾಧೀಶರಿಗೆ ನಿಜವಾಗಿಯೂ ನಿದ್ದೆ ಬಂತು. ಉಪದೇಶ ಮುಗಿಯುವ ತನಕ ಬಾರ್ಟ್ಲಿ ಬಲಭುಜ ಅಲ್ಲಾಡಿಸದೆ ಕೂತಿದ್ದ.

ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಣ್ಣು ಹಾಕಿ ಆದ ಮೇಲೆ ಎಲ್ಲರೂ ಕೆಳಗಿಳಿದರು. ಗೇಟಿನ ಬಳಿ ಮೂರು ಸಾರೋಟುಗಳು ಸಿದ್ಧವಾಗಿದ್ದವು: ಕರ್ನಲ್‌ನದು, ನ್ಯಾಯಾಧೀಶರದು, ಸರ್ಕಾರದ್ದು. ಮೂವರೂ ಬಾಗಿಲು ತೆರೆದು ಹಿಡಿದಿದ್ದರು. ವಿನಿಫ್ರೆಡ್ ಮೂವರಿಗೂ ವಂದಿಸಿ, ಮುಂದೆ ನಡೆದು, ಬಾರ್ಟ್ಲಿಯ ಹೆಂಡತಿ ಅಷ್ಟು ದೂರ ಹೊಡೆದುಕೊಂಡು ಬಂದಿದ್ದ ಗಾಡಿಯ ಚಕ್ರದ ಮೇಲೆ ಕಾಲಿಟ್ಟಳು.

"ಅಯ್ಯೋ ಅಮ್ಮ, ಇದು ಇದ್ದಲಿನ ಗಾಡಿ. ಮೈಯೆಲ್ಲ ಮಸಿಯಾಗುತ್ತೆ" ಎಂದ ಬಾರ್ಟ್ಲಿ.

"ನಾನು ಹಾಕ್ಕೊಂಡಿರೋದು ಕಪ್ಪೇ ತಾನೆ. ಕೈ ಕೊಡು."

ಸಮಾಧಿಯಿಂದ ಮರಳುವಾಗ ಸಿಪಾಯಿಗಳ ಬ್ಯಾಂಡು ಕುಣಿಯುವ ಧಾಟಿಯನ್ನೇ ನುಡಿಸುವುದು ವಾಡಿಕೆ. ಕರ್ನಲ್ ಕರೆತಂದಿದ್ದ ಬ್ಯಾಂಡಿನ ತುತ್ತೂರಿ ಎದ್ದಿತು, ಡೋಲಿಗೆ ಪೆಟ್ಟು ಬಿದ್ದಿತು. ಜೀವಮಾನವೆಲ್ಲ ನಿಧಾನವಾಗಿ ಭಾರ ಎಳೆದಿದ್ದ ಬಾರ್ಟ್ಲಿಯ ದಪ್ಪ ಕುದುರೆ ಕಿವಿ ನಿಮಿರಿಸಿತು, ಬಾಲ ಎತ್ತಿತು, ಇಳಿಜಾರಿನಲ್ಲಿ ನಾಗಾಲೋಟ ಕಿತ್ತಿತು. ಬಾರ್ಟ್ಲಿ ಲಗಾಮು ಎಳೆದ, ಅದು ಕೇಳಲಿಲ್ಲ. ಎಳೆಯಬೇಡ, ಬಿಡು ಎಂದು ವಿನಿಫ್ರೆಡ್ ಅವನ ಕೈ ಹಿಡಿದಳು. ಅವಳ ಟೋಪಿ ಹಿಂದಕ್ಕೆ ಜಾರಿ ದಾರದಲ್ಲಿ ನೇತಾಡುತ್ತಿತ್ತು, ಬಿಳಿಯ ಕೂದಲು ಗಾಳಿಗೆ ಬಿಚ್ಚಿಕೊಂಡಿತ್ತು. ಹಿಂದೆ ಧೂಳಿನಲ್ಲಿ ಮೂರು ಸಾರೋಟುಗಳು ಅವರನ್ನು ಹಿಡಿಯಲು ಓಡಿಬರುತ್ತಿದ್ದವು.