ಗೋಡೆಯೊಳಗಿನ ಕೇಬಲ್

ನನ್ನ ತಂಗಿಯನ್ನು ಮನೆಯಲ್ಲಿ ಎಲ್ಲರೂ ಗಿಣಿ ಅಂತಲೇ ಕರೆಯುವುದು. ಅವಳು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಆವತ್ತು ಮಾತ್ರ ನಮ್ಮ ಪರೀಕ್ಷಾ ಕೋಣೆಯ ಗಾಜಿಗೆ ಮೂಗು ಒತ್ತಿಕೊಂಡು, ತುಟಿ ಪಿಟಕ್ಕೆನ್ನದೆ ನಿಂತಿದ್ದಳು. ಗಾಜಿನ ಆಚೆ, ಕಬ್ಬಿಣದ ಚೌಕಟ್ಟಿಗೆ ಬಿಗಿದ, ಅವಳು ತಂದ ಕೇಬಲ್ಲಿನ ಕೆಳಗೆ ಗ್ಯಾಸ್ ಬರ್ನರ್ ಉರಿಯುತ್ತಿತ್ತು.

ಕೇಬಲ್ಲುಗಳನ್ನು ಬೆಂಕಿಗೆ ಹಿಡಿದು ನೋಡುವುದೇ ನನ್ನ ಕೆಲಸ. ಕೇಬಲ್ಲಿನ ಇನ್ನೊಂದು ತುದಿಗೆ ಬಲ್ಬುಗಳಿರುತ್ತವೆ. ಮೇಲಿನ ಹೊದಿಕೆ ಸುಟ್ಟು ಬೂದಿಯಾದರೂ ಒಳಗಿನ ತಾಮ್ರದ ತಂತಿಗಳು ಒಂದಕ್ಕೊಂದು ತಾಗಬಾರದು. ನಡುನಡುವೆ ಸುತ್ತಿಗೆಯೊಂದು ಚೌಕಟ್ಟಿಗೆ ಧಡ್ ಎಂದು ಬಡಿಯುತ್ತದೆ, ಆಗಲೂ ತಾಗಬಾರದು. ತಾಗಿದರೆ ಫ್ಯೂಸ್ ಹೋಗಿ ಬಲ್ಬು ಆರುತ್ತದೆ. ಆರಿದರೆ ಕೇಬಲ್ ನಾಪಾಸು.

ಗಿಣಿ ಶಿಶುವಿಹಾರ ನಡೆಸುತ್ತಾಳೆ. ಕೆಳಗೆ ಆಟ, ಮಹಡಿಯಲ್ಲಿ ಮಧ್ಯಾಹ್ನದ ನಿದ್ದೆ. ಬೆಂಕಿ ಬಿದ್ದರೆ ಮೆಟ್ಟಿಲ ದೀಪ ಆರಬಾರದು, ಎಚ್ಚರಿಕೆಯ ಗಂಟೆ ನಿಲ್ಲಬಾರದು. ಅವುಗಳ ಕೇಬಲ್ ಉರಿ ತಡೆಯುತ್ತದೆ ಎಂದು ತೋರಿಸಿ, ಇಲ್ಲವೇ ಬೀಗ ಹಾಕಿ ಎಂದು ಅಗ್ನಿಶಾಮಕದವರು ಹೇಳಿ ಹೋಗಿದ್ದರು. ಅವಳ ಜೀವವೆಲ್ಲ ಆ ಶಿಶುವಿಹಾರದಲ್ಲೇ ಇದೆ. ರಿಪೋರ್ಟಿಗೆ ಸಹಿ ಹಾಕುವವರು ಬೇರೆಯವರು, ಅಕ್ಕನಾದ ನಾನು ಹಾಕುವಂತಿಲ್ಲ. ಆದರೂ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗ್ಯಾಸಿನ ಮೀಟರ್ ನೋಡಿದೆ, ನೋಡಿದ್ದನ್ನು ಮರೆತು ಮತ್ತೆ ನೋಡಿದೆ.

ಸುತ್ತಿಗೆ ಬಡಿಯಿತು. ಗಿಣಿ ಬೆಚ್ಚಿಬಿದ್ದಳು.

"ಅಕ್ಕ, ಆರಲ್ಲ ತಾನೆ?"

"ನನ್ನೇನು ಕೇಳ್ತೀಯ? ಬಲ್ಬನ್ನ ಕೇಳು."

ಕೆಂಪು ಹೊದಿಕೆ ಕಪ್ಪಾಗಿ ಸಿಡಿದು ಉದುರಿತು. ಸುತ್ತಿಗೆ ಮತ್ತೆ ಬಡಿಯಿತು, ಮತ್ತೊಮ್ಮೆ ಬಡಿಯಿತು. ಬಲ್ಬುಗಳು ಜಪ್ಪಯ್ಯ ಅಂದರೂ ಆರಲಿಲ್ಲ. ಗಿಣಿಗೆ ಹೋದ ಉಸಿರು ಬಂತು, ಅದರ ಬೆನ್ನಿಗೇ ಮಾತೂ ಬಂತು.

"ನಂಗೆ ಗೊತ್ತಿತ್ತು ಬಿಡು. ಸುಮ್ನೆ ಗೋಡೆ ಒಡೆಯೋದು ತಪ್ತು."

"ಏನಂದೆ?"

"ಮೆಟ್ಟಿಲ ಗೋಡೆ ಒಡ್ದು ಒಂದು ತುಂಡು ತಾ ಅಂದಿದ್ಯಲ್ಲ? ಅಲ್ಲಿ ನಾನು ಆನೆ ಬರೆದಿದೀನಿ ಕಣೇ. ಅದರ ಸೊಂಡಿಲು ಕುಯ್ಯೋಕೆ ಮನಸ್ಸು ಬರ್ಲಿಲ್ಲ. ವೈರಿಂಗ್ ಮಾಡ್ದೋನು ಬಿಟ್ಟುಹೋದ ಸುರುಳಿ ಸ್ಟೋರ್ ರೂಮಲ್ಲಿತ್ತು. ಅದೇ ಕೆಂಪು, ಮೇಲೆ ಅಚ್ಚಾಗಿರೋ ಅಕ್ಷರಾನೂ ಅದೇ. ಅದರಿಂದ್ಲೇ ಕತ್ತರಿಸಿ ತಂದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಸ್ಟೋರ್ ರೂಮಿನ ಸುರುಳಿ ಯಾರಿಗೆ ಬೇಕು? ಕೇಳಿದವರಿಗೆ ತೋರಿಸಲು ಒಳ್ಳೆಯ ಸುರುಳಿ ಇಟ್ಟು, ಗೋಡೆಯೊಳಗೆ ಕಳಪೆಯದನ್ನು ಎಳೆದು ಹೋಗುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಗ್ಯಾಸ್ ಬಂದ್ ಮಾಡಿದೆ.

"ಏ! ಬಲ್ಬು ಚೆನ್ನಾಗಿ ಉರೀತಿತ್ತಲ್ಲ!"

"ಗೋಡೆ ಒಳಗಿಂದು ತಂದ್ರೆ ಮುಂದಿನ ಮಾತು."

"ಬೇರೆ ಯಾರಾದ್ರೂ ಆಗಿದ್ರೆ ಪಾಸ್ ಮಾಡಿ ಕಳಿಸ್ತಿದ್ದೆ. ಸ್ವಂತ ತಂಗಿ ಅಂದ್ರೆ ಹೊಟ್ಟೆಕಿಚ್ಚು ನಿಂಗೆ!"

ಆ ಮಾತು ಎದೆಗೆ ನಾಟಿತು. ಅತ್ತುಬಿಡಬೇಕು ಅನ್ನಿಸಿತು, ಅವಳೆದುರು ಅಳುವುದುಂಟೆ ಎಂದು ಮೀಟರಿನ ಕಡೆ ತಿರುಗಿದೆ.

ಮರುದಿನ ಮಕ್ಕಳು ಬರುವ ಮೊದಲೇ ಹೋಗಿ ಗೋಡೆಯನ್ನು ನಾನೇ ಒಡೆದೆ. ಗಿಣಿ ಬೆನ್ನು ತಿರುಗಿಸಿ ನಿಂತಿದ್ದಳು. ನಾನು ಕರೆದೊಯ್ದಿದ್ದ ಎಲೆಕ್ಟ್ರಿಷಿಯನ್, ಕತ್ತರಿಸಿದ ಜಾಗಕ್ಕೆ ಅದೇ ಸುರುಳಿಯ ತುಂಡು ಕೂಡಿಸಿ ದೀಪ ಹತ್ತಿಸಿಕೊಟ್ಟ. ಗೋಡೆಯಿಂದ ತೆಗೆದ ತುಂಡು ಹಿಡಿದು ನಾವಿಬ್ಬರೂ ಪರೀಕ್ಷಾ ಕೋಣೆಗೆ ಬಂದೆವು.

ತುದಿ ಸುಲಿದೆ. ನಿನ್ನೆಯ ತುಂಡಿನಲ್ಲಿ ಪ್ರತಿ ತಂತಿಗೂ ಹೊಳೆಯುವ ಅಭ್ರಕದ ಪಟ್ಟಿ ಸುತ್ತಿತ್ತು. ಬೆಂಕಿಗೆ ಅಡ್ಡ ನಿಲ್ಲುವುದು ಅದೇ. ಇದರಲ್ಲಿ ಪ್ಲಾಸ್ಟಿಕ್ ಸುಲಿದರೆ ನೇರವಾಗಿ ತಾಮ್ರ.

"ಗಿಣಿ, ಇದನ್ನ ಸುಡೋದೇ ಬೇಡ. ಇದರಲ್ಲಿ ಅಭ್ರಕ ಇಲ್ಲ."

"ನಿನ್ನ ಬಾಯಿಮಾತಿಗೆ ನಾನು ಬೀಗ ಹಾಕ್ಬೇಕಾ? ಹಚ್ಚು."

ಎಲ್ಲ ಹೊಂದಿಸಿ ಹಚ್ಚುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆರುತ್ತದೆ ಎಂದು ಗೊತ್ತಿದ್ದೂ, ದೇವರೇ, ಆರದೆ ಇರಲಿ ಎಂದು ಬೇಡಿಕೊಂಡೆ. ಹೊದಿಕೆ ಕರಗಿ ತೊಟ್ಟಿಕ್ಕಿತು. ಮೊದಲ ಸುತ್ತಿಗೆ ಏಟಿನವರೆಗೂ ತಡೆಯಲಿಲ್ಲ. ಒಳಗೆಲ್ಲೋ ಚಟ್ ಅಂದಿತು, ಬಲ್ಬುಗಳೆಲ್ಲ ಒಟ್ಟಿಗೆ ಆರಿದವು.

ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಅಂದುಕೊಂಡೆ. ಗಿಣಿ ಗೋಡೆ ಗಡಿಯಾರ ನೋಡಿ, ಶಿಶುವಿಹಾರದ ಆಯಾಗೆ ಫೋನ್ ಮಾಡಿದಳು.

"ಮಕ್ಕಳು ಮಲಗಿದಾರಾ? ಎಬ್ಬಿಸಿ. ಹೂಂ, ಈಗ್ಲೇ. ಬೆಂಕಿ ಗಿಂಕಿ ಏನಿಲ್ಲ, ಎಬ್ಬಿಸಿ ಅಂದ್ನಲ್ಲ. ಅತ್ರೆ ಅಳ್ಲಿ. ಶೂ ಹುಡುಕ್ತಾ ಕೂರ್ಬೇಡಿ, ಹಾಗೇ ಎತ್ಕೊಂಡು ಅಂಗಳಕ್ಕೆ ಬನ್ನಿ."

ಫೋನಿನಲ್ಲಿ ನಿದ್ದೆಗಣ್ಣಿನ ಅಳು, ಮೆಟ್ಟಿಲ ಮೇಲೆ ಪುಟ್ಟ ಕಾಲುಗಳ ಸದ್ದು. ಗಿಣಿ ನನ್ನ ತೋಳನ್ನು ಬಿಗಿಯಾಗಿ ಹಿಡಿದು, ಒಂದೊಂದು ಮಗುವನ್ನೂ ಹೆಸರು ಹಿಡಿದು ಬಂತಾ, ಬಂತಾ ಎಂದು ಕೇಳುತ್ತಾ ಹೋದಳು. ಅವಳ ಉಗುರು ನನಗೆ ಚುಚ್ಚುತ್ತಿತ್ತು. ಕೊನೆಯ ಮಗುವೂ ಬಂತು ಎಂದು ಆಚೆಯಿಂದ ಹೇಳಿದರು.

"ಸರಿ," ಅಂದಳು. "ಬಾಗಿಲಿಗೆ ಬೀಗ ಹಾಕಿ."